ಸೆಪ್ಸಿಸ್ ಗುರುತಿಸುವುದು ಹೇಗೆ: ಮೊದಲು ಉಸಿರು ಎಣಿಸಿ

ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟವೇ ಹದ್ದು ಮೀರಿ ತನ್ನ ಅಂಗಾಂಗಗಳನ್ನೇ ಕೆಡಿಸತೊಡಗಿದರೆ ಅದು ಸೆಪ್ಸಿಸ್. ಅದರ ಸುಳಿವು ಹಲವು ಸಲ ಉಸಿರಿನಲ್ಲೇ ಮೊದಲು ಸಿಗುತ್ತದೆ. ವಾರ್ಡುಗಳಲ್ಲಿ ಎಣಿಸದೆ ಬರೆದುಬಿಡುವುದೂ ಅದನ್ನೇ. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುವಾಗ, ಜಾಲಿಮುಳ್ಳು ಚುಚ್ಚಿ ಕಾಲು ಊದಿದ್ದ ಜಗಳೂರು ಕಡೆಯ ರೈತರೊಬ್ಬರ ಕೇಸ್ ಶೀಟಿನಲ್ಲಿ ಸಂಜೆಯಿಂದಲೂ ಉಸಿರಾಟ ನಿಮಿಷಕ್ಕೆ 20 ಎಂದೇ ಇತ್ತು. ಜ್ವರವಿರಲಿಲ್ಲ. ಅವರು ಮಗನನ್ನು "ಎತ್ತು ಕಟ್ಟಿದೆಯೇನೋ" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು, ಮಗ ನಿದ್ದೆಗಣ್ಣೆಂದುಕೊಂಡಿದ್ದ. ನಾನು ಎಣಿಸಿದಾಗ ಸಿಕ್ಕಿದ್ದು 28.

ಎಣಿಸುತ್ತಿದ್ದೀರೆಂದು ರೋಗಿಗೆ ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದು, ಹೊದಿಕೆ ಸರಿಸಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ 60 ಸೆಕೆಂಡು ನೋಡಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಬೇಡ. ವಯಸ್ಕರಲ್ಲಿ ಉಸಿರು 22 ಅಥವಾ ಹೆಚ್ಚು, ಹೊಸದಾಗಿ ಕಂಡ ಗೊಂದಲ, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆ, ಇವುಗಳಲ್ಲಿ ಎರಡು ಸೇರಿದರೆ ವೈದ್ಯರನ್ನು ಕೂಡಲೇ ಕರೆಯಿರಿ. ಸೇರದಿದ್ದರೂ ನಿಶ್ಚಿಂತೆಯಿಂದಿರುವಂತಿಲ್ಲ: ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟ ಮೇಲೆ ಕೆಂಪು ಮರಳಲು 3 ಸೆಕೆಂಡು ಮೀರಿದರೆ, ಮೂತ್ರ ಇಳಿಮುಖವಾದರೆ, ಅನುಮಾನ ಉಳಿಯಬೇಕು. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ನಾನಂತೂ ನಂಬುವುದಿಲ್ಲ. ವಯಸ್ಸಾದವರಲ್ಲಿ ಜ್ವರವೇ ಬಾರದಿರಬಹುದು, ಮೈ ತಣ್ಣಗೂ ಆಗಬಹುದು.

ಅಂಗಾಂಗಗಳಿಗೆ ರಕ್ತ, ಆಮ್ಲಜನಕ ಸಾಲದಾದಾಗ ಏರುವ ರಕ್ತದ ಲ್ಯಾಕ್ಟೇಟ್ ನೋಡಿ. ಲೀಟರಿಗೆ 2 ಮಿಲಿಮೋಲ್ ಮೀರಿದ್ದರೆ ಮತ್ತೆ ಪರೀಕ್ಷಿಸಿ.

ಆ್ಯಂಟಿಬಯೋಟಿಕ್‌ಗೆ ಮೊದಲು ಎರಡು ಕಡೆಯಿಂದ, ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ ರಕ್ತ ತೆಗೆಯಿರಿ, ಬಾಟಲಿಗೆ 8ರಿಂದ 10 ಮಿಲಿಲೀಟರ್. ಎರಡು ಮಿಲಿಲೀಟರ್ ಹಾಕಿ ಕಳಿಸಿದರೆ ರೋಗಾಣು ಸಿಗದೆ ಹೋಗಬಹುದು. ಆದರೆ ವರದಿಗಾಗಿ ಔಷಧ ತಡೆಯಬಾರದು. ರಕ್ತದೊತ್ತಡ ಕುಸಿದು ಆಘಾತ (ಶಾಕ್) ಆಗಿದ್ದರೆ ಒಂದು ಗಂಟೆಯೊಳಗೆ, ಆಘಾತವಿಲ್ಲದೆ ಅನುಮಾನವಷ್ಟೇ ಇದ್ದರೆ ಬೇಗ ಪರೀಕ್ಷೆ ಮುಗಿಸಿ ಮೂರು ಗಂಟೆಯೊಳಗೆ ಕೊಡಬೇಕು. ಹೊಲದಲ್ಲಿ ದುಡಿಯುವವರ ಕಂಕುಳು, ತೊಡೆಸಂದುಗಳಲ್ಲಿ ಕಪ್ಪು ಹಕ್ಕಳೆ ಇದೆಯೇ ಎಂದು ಬಟ್ಟೆ ಸರಿಸಿ ನೋಡಿ. ಅದು ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರವಾಗಿದ್ದರೆ, ಸಾಮಾನ್ಯವಾಗಿ ಕೊಡುವ ಆ್ಯಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು.

ಮನೆಯವರು "ಗ್ಲೂಕೋಸ್ ಏರಿಸಿ" ಎಂದು ಒತ್ತಾಯಿಸುತ್ತಾರೆ. ಅದರ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಒತ್ತಡ ಕುಸಿದಿದ್ದರೆ ನನ್ನ ಆಯ್ಕೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ: ತೂಕದ ಪ್ರತಿ ಕಿಲೋಗೆ 30 ಮಿಲಿಲೀಟರ್‌ನಂತೆ, 50 ಕಿಲೋದವರಿಗೆ ಒಂದೂವರೆ ಲೀಟರ್, ಮೊದಲ ಮೂರು ಗಂಟೆಯಲ್ಲಿ, ನಡುನಡುವೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಶ್ವಾಸಕೋಶದಲ್ಲಿ ನೀರು ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಗಲೂ ಸರಾಸರಿ ಒತ್ತಡ 65 ಮುಟ್ಟದಿದ್ದರೆ ರಕ್ತನಾಳ ಬಿಗಿಸಿ ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಬೇಕು. ಕುತ್ತಿಗೆಯ ದೊಡ್ಡ ನಾಳಕ್ಕೆ ಕಾಯದೆ ತೋಳಿನ ನಾಳದಿಂದಲೇ, ಸೂಜಿಯ ಜಾಗದ ಮೇಲೆ ಕಣ್ಣಿಟ್ಟು, ಆರಂಭಿಸಬಹುದು.

ಕೀವು ಒಳಗೇ ಇದ್ದರೆ ಇಷ್ಟೆಲ್ಲವೂ ಸಾಲದು. ಆ ರೈತರ ಪಾದದ ಕೀವನ್ನು ಶಸ್ತ್ರಚಿಕಿತ್ಸಕರು ಅದೇ ರಾತ್ರಿ ತೆಗೆದರು. ಮೂರನೆಯ ದಿನ ಬೆಳಿಗ್ಗೆ ಪೂರ್ತಿ ಒಂದು ನಿಮಿಷ ಎಣಿಸಿ, ಶೀಟಿನಲ್ಲಿ 19 ಎಂದು ಬರೆದೆ.