ಹಸು ಲೆಕ್ಕಕ್ಕೆ ನಮ್ಮ ಕೂಲಿ ಸೇರಿಸಿದಾಗ

ನಮ್ಮೂರು ಮದ್ದೂರಿನ ಹತ್ತಿರ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸು ಕಟ್ಟಿದ್ದೇವೆ. ಡೈರಿಯಲ್ಲಿ ಬಟವಾಡೆ ಆದ ದಿನ ಹಿಂಡಿ, ಬೂಸಾ ಬಾಕಿ ತೀರಿಸಿ ಉಳಿದಿದ್ದೆಲ್ಲ ಲಾಭ ಅಂದುಕೊಂಡು ಆರು ವರ್ಷ ಕಳೆದೆ. ಮೂರನೇ ಹಸು ತರೋಣ ಅಂತ ಹೊರಟಾಗಲೇ ಕೂತು ಲೆಕ್ಕ ಹಾಕಿದ್ದು.

ಸರಾಸರಿ ದಿನಕ್ಕೆ 16 ಲೀಟರ್, ಸರ್ಕಾರದ ಪ್ರೋತ್ಸಾಹಧನ ಸೇರಿ ಲೀಟರಿಗೆ 38 ರೂಪಾಯಿ. ತಿಂಗಳಿಗೆ 18,240. ಮೇವು, ಔಷಧಿ, ಇಂಜೆಕ್ಷನ್ ಎಲ್ಲ ಸೇರಿ ಖರ್ಚು 10,500. ಉಳಿದದ್ದು 7,740. ಪರವಾಗಿಲ್ಲ ಅಲ್ವಾ ಅನ್ನಿಸಿತು. ಆಮೇಲೆ ಒಂದು ವಾರ ಕ್ಯಾಲೆಂಡರಿನ ಮೇಲೆ ಗಂಟೆ ಗುರುತು ಹಾಕಿದೆವು. ನಾನೇ ಜಾಸ್ತಿ ದುಡಿಯೋದು ಅಂದುಕೊಂಡಿದ್ದೆ. ನೋಡಿದರೆ ಹೆಂಡತಿ ದಿನಕ್ಕೆ ನಾಲ್ಕು ಗಂಟೆ, ನಾನು ಎರಡು. ತಿಂಗಳಿಗೆ 180 ಗಂಟೆ. ಅಂದರೆ ಗಂಟೆಗೆ 43 ರೂಪಾಯಿ. 2025-26ರ ನರೇಗಾ ದಿನಗೂಲಿ 370, ಎಂಟು ಗಂಟೆಗೆ ಭಾಗಿಸಿದರೂ 46 ಬರುತ್ತದೆ!

ಬೆಂಬಲ ಬೆಲೆ ನಿಗದಿ ಮಾಡುವಾಗ ಸರ್ಕಾರವೂ ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ತಗೊಳ್ಳುತ್ತದೆ. ಕೈಯಿಂದ ಹೋದ ಖರ್ಚು ಎ2, ಅದಕ್ಕೆ ಮನೆಯವರ ದುಡಿಮೆ ಕೂಡಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಬಾಡಿಗೆ, ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಅದು ರಾಗಿ, ಭತ್ತದ ಮಾತು. ಹಾಲಿಗೆ ಬೆಂಬಲ ಬೆಲೆ ಇಲ್ಲ, ನಾವೇ ಹಾಕಿಕೊಳ್ಳಬೇಕು.

ಹೆಂಡತಿಗೆ ತೋರಿಸಿದರೆ, “ಬೆಳಗಿನ ಜಾವ ಐದಕ್ಕೆ ನನ್ನನ್ನ ಯಾರು ಕೂಲಿಗೆ ಕರೀತಾರೆ ರೀ?” ಅಂದಳು. ಸರಿಯಾದ ಮಾತು. ಹಾಲು ಕರೆಯುವ, ಸಗಣಿ ಬಾಚುವ ಹೊತ್ತಿಗೆ ಬೇರೆ ಗಿರಾಕಿ ಇಲ್ಲ, ಅದಕ್ಕೆ ಪೂರ್ತಿ ಕೂಲಿ ಹಾಕಿ ಹಸು ಮಾರಿಬಿಡೋದು ದಡ್ಡತನ. ಆದರೆ ಹತ್ತು ಗಂಟೆಗೆ ಹುಲ್ಲು ಕೊಯ್ಯಲು ಹೋಗ್ತಾಳಲ್ಲ, ಅದು ಹಾಗಲ್ಲ. ಆ ಎರಡು ಗಂಟೆಗೋಸ್ಕರ ನಾಟಿ, ಕಳೆ ಸಮಯದಲ್ಲಿ ಇಡೀ ದಿನದ ಕೂಲಿ ತಪ್ಪುತ್ತಿತ್ತು. ನಿಜವಾದ ಖರ್ಚು ಅಲ್ಲಿತ್ತು, ನಾನು ಸುಮ್ನೆ ಹಿಂಡಿ ರೇಟು ಬೈಯುತ್ತಾ ಕೂತಿದ್ದೆ.

ಮೂರನೇ ಹಸು ಬೇಡ ಅಂದೆವು. ಆ ದುಡ್ಡಲ್ಲಿ ಸ್ವಲ್ಪ ತೆಗೆದು ಕೊಟ್ಟಿಗೆ ಪಕ್ಕದ ನಾಲ್ಕು ಗುಂಟೆಗೆ ಪೈಪ್ ಎಳೆದು ನೇಪಿಯರ್ ಅನ್ನೋ ಮೇವಿನ ಹುಲ್ಲಿನ ಕಡ್ಡಿ ನೆಟ್ಟೆವು. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಸಿಕ್ಕಿತು. ಮೇವಿಗೆ ಅದೊಂದೇ ಸಾಲದು, ಆದರೆ ಮುಂಗಾರಲ್ಲಿ ಅರ್ಧ ಗಂಟೆಗೆ ಹುಲ್ಲಿನ ಕೆಲಸ ಮುಗಿಯುತ್ತದೆ.

ಗಂಟೆ ಬರೆಯೋದು ಈಗ ಅವಳೇ. ಮೊನ್ನೆ ಪುಸ್ತಕ ತೆಗೆದರೆ ನನ್ನ ಸಾಲಿನಲ್ಲಿ ಬರೆದಿತ್ತು: “ಸಗಣಿ, ಅರ್ಧ ಗಂಟೆ, ಪಾಳಿ ನಿಮ್ಮದು, ಬಾಚಿದ್ದು ನಾನು.”