ಟನೆಲ್ ಮೂಲಕ ಜುಪಿಟರ್: ನಾನು ಮಾಡಿಕೊಂಡ ಬಗೆ

ನನ್ನ ಲ್ಯಾಪ್‌ಟಾಪ್‌ನಲ್ಲಿ ಜಿಪಿಯು (ಭಾರೀ ಲೆಕ್ಕಾಚಾರಕ್ಕೆ ಬಳಸುವ ಚಿಪ್) ಇಲ್ಲ. ಕೆಲಸವೆಲ್ಲ ನಡೆಯುವುದು ದೂರದ ಲಿನಕ್ಸ್ ಸರ್ವರ್‌ನಲ್ಲಿ. ಹೊರಗಿನಿಂದ ಅಲ್ಲಿಗೆ ಹೋಗಲು ಇರುವುದು ಎಸ್‌ಎಸ್‌ಎಚ್‌ನ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) 22ನೇ ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ಒಂದೇ. ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ನೋಟ್‌ಬುಕ್ ತಂತ್ರಾಂಶ ಜುಪಿಟರ್ ಓಡುವುದು 8888ರಲ್ಲಿ. ಆ ಪೋರ್ಟನ್ನೂ ಫೈರ್‌ವಾಲ್‌ನಲ್ಲಿ ತೆರೆಸಿ, ಜುಪಿಟರನ್ನು 0.0.0.0ಗೆ (ಅಂದರೆ ಹೊರಗಿನಿಂದಲೂ ಸಿಗುವಂತೆ) ಹಾಕಿಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜುಪಿಟರ್ ಒಳಗೇ ಟರ್ಮಿನಲ್ ಇದೆ ಅಲ್ವಾ? ಅದು ಬೇರೆಯವರ ಕೈಗೆ ಸಿಕ್ಕರೆ ನಮ್ಮ ಅಕೌಂಟೇ ಸಿಕ್ಕಂತೆ. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಒಳಗೆ ಬಿಡಲು ಜುಪಿಟರ್ ಕೇಳುವ ಗುಪ್ತ ಸಂಕೇತ, ಅಂದರೆ ಟೋಕನ್ ಕೂಡ ದಾರಿಯಲ್ಲಿ ಬಯಲಾಗಿಯೇ ಹೋಗುತ್ತದೆ.

ಹಾಗಾಗಿ ಟನೆಲ್, ಅಂದರೆ ಎಸ್‌ಎಸ್‌ಎಚ್ ಸಂಪರ್ಕದ ಒಳಗಿಂದಲೇ ಜುಪಿಟರ್‌ಗೆ ಹೋಗುವ ದಾರಿ. ಸರ್ವರ್‌ಗೆ ಲಾಗಿನ್ ಆಗಿ ಮೊದಲು ಟಿಮಕ್ಸ್ (ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಓಡುತ್ತಲೇ ಇರುವ ಟರ್ಮಿನಲ್) ಶುರು ಮಾಡುತ್ತೇನೆ. ಅದರೊಳಗೆ, ಬ್ರೌಸರ್ ತೆರೆಯಬೇಡ ಎಂಬ ಆಯ್ಕೆ ಕೊಟ್ಟು ಜುಪಿಟರ್ ಲ್ಯಾಬ್ ಓಡಿಸುತ್ತೇನೆ. ಏನೂ ಬದಲಿಸದಿದ್ದರೆ ಅದು ಲೋಕಲ್‌ಹೋಸ್ಟ್‌ನಲ್ಲಷ್ಟೇ, ಅಂದರೆ ಆ ಕಂಪ್ಯೂಟರ್‌ನ ಒಳಗಿನಿಂದಷ್ಟೇ ಸಿಗುತ್ತದೆ. ನನಗೆ ಬೇಕಿರುವುದೂ ಅದೇ. ಆಮೇಲೆ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಕಮಾಂಡ್‌ಗೆ ದೊಡ್ಡಕ್ಷರದ ಎನ್, ಎಲ್ ಎಂಬ ಎರಡು ಆಯ್ಕೆ. ಎನ್ ಕೊಟ್ಟರೆ ಶೆಲ್ (ಕಮಾಂಡ್ ಬರೆಯುವ ಜಾಗ) ತೆರೆಯುವುದಿಲ್ಲ, ಸುಮ್ನೆ ಸಂಪರ್ಕ ಇರುತ್ತದೆ. ಎಲ್ ಮುಂದೆ 9000:ಲೋಕಲ್‌ಹೋಸ್ಟ್:8888. ಮೊದಲ ಸಂಖ್ಯೆ ನನ್ನ ಕಡೆಯ ಪೋರ್ಟ್, ಕೊನೆಯದು ಸರ್ವರ್ ಕಡೆಯದು. ನಡುವಿನ ಲೋಕಲ್‌ಹೋಸ್ಟ್ ನನ್ನ ಲ್ಯಾಪ್‌ಟಾಪ್ ಅಲ್ಲ, ಸರ್ವರ್! ಜಾಸ್ತಿ ಜನ ತಡವರಿಸುವುದು ಇಲ್ಲೇ. ಎರಡೂ ಕಡೆ 8888 ಕೊಡಬಹುದು, ಆದರೆ ಲ್ಯಾಪ್‌ಟಾಪ್‌ನಲ್ಲೂ ಒಂದು ಜುಪಿಟರ್ ಓಡುತ್ತಿದ್ದರೆ ತಲೆಬಿಸಿ.

ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:9000 ತೆರೆದು, ಜುಪಿಟರ್ ತೋರಿಸಿದ ಟೋಕನ್ ಹಾಕಿದರೆ ಆಯಿತು. ಟೋಕನ್ ನಡೆಯದಿದ್ದರೆ ಟಿಮಕ್ಸ್‌ಗೆ ಹೋಗಿ ಜುಪಿಟರ್ ಬರೆದ ಸಾಲು ಓದಿ. ಹಲವರು ಬಳಸುವ ಸರ್ವರ್‌ನಲ್ಲಿ 8888 ಬೇರೆಯವರ ಪಾಲಾಗಿದ್ದರೆ ನಿಮ್ಮ ಜುಪಿಟರ್ ತಾನೇ 8889ಕ್ಕೆ ಸರಿದಿರುತ್ತದೆ. ಅಂದರೆ ನೀವು ತಟ್ಟುತ್ತಿರುವುದು ಇನ್ನೊಬ್ಬರ ಬಾಗಿಲು. ಟನೆಲ್ ಇದೆಯಲ್ಲ ಎಂದು ಟೋಕನ್ ತೆಗೆದುಹಾಕಬಾರದು ಎನ್ನುವುದೂ ಇದಕ್ಕೇ. ಅದೇ ಸರ್ವರ್‌ಗೆ ಲಾಗಿನ್ ಆದ ಎಲ್ಲರಿಗೂ ಅಲ್ಲಿನ ಲೋಕಲ್‌ಹೋಸ್ಟ್ ಒಂದೇ.

ಕೆಲಸ ಇಲ್ಲದೆ ಬಿಟ್ಟ ಟನೆಲ್ ಕೆಲವೊಮ್ಮೆ ಕಡಿದುಹೋಗುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಸರ್ವರ್‌ಅಲೈವ್‌ಇಂಟರ್‌ವಲ್ 60 (60 ಸೆಕೆಂಡು ಸರ್ವರ್‌ನಿಂದ ಏನೂ ಬರದಿದ್ದರೆ ಇದ್ದೀಯಾ ಎಂದು ಕೇಳು) ಎಂದು ಹಾಕಿಕೊಂಡ ಮೇಲೆ ಆ ಕಾಟ ಕಡಿಮೆ. ಕಡಿದರೂ ಟಿಮಕ್ಸ್ ಇರುವುದರಿಂದ ಕರ್ನಲ್ (ನೋಟ್‌ಬುಕ್‌ನ ಕೋಡ್ ಓಡಿಸುವ ಪ್ರೋಗ್ರಾಂ) ಓಡುತ್ತಲೇ ಇರುತ್ತದೆ, ವೇರಿಯಬಲ್‌ಗಳೂ ಹಾಗೇ ಇರುತ್ತವೆ. ಆದರೆ ಟ್ಯಾಬ್ ಮುಚ್ಚಿದ್ದಾಗ ಸೆಲ್ (ನೋಟ್‌ಬುಕ್‌ನ ಒಂದು ಕೋಡ್ ತುಣುಕು) ಪ್ರಿಂಟ್ ಮಾಡಿದ್ದೆಲ್ಲ ನೋಟ್‌ಬುಕ್‌ನಲ್ಲಿ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದಕ್ಕೇ ರಾತ್ರಿಯಿಡೀ ಓಡುವ ಟ್ರೇನಿಂಗ್ ಇದ್ದರೆ ಔಟ್‌ಪುಟ್ಟನ್ನು ಲಾಗ್ ಫೈಲಿಗೆ ಬರೆಸುತ್ತೇನೆ. ಬೆಳಿಗ್ಗೆ ಟೈಲ್ ಕಮಾಂಡ್‌ನಿಂದ ಅದರ ಕೊನೆಯ ಸಾಲುಗಳನ್ನು ನೋಡಿದರೆ ಸಾಕು, ಟನೆಲ್ ಹಾಕುವ ಕೆಲಸವೂ ಇಲ್ಲ.