ಒಂದೇ ಮಾಡೆಲ್ ಲ್ಯಾಪ್‌ಟಾಪ್, ಬೀಗವಿಲ್ಲದ ಅಲಮಾರಿ: ನನ್ನ ಅನುಭವ

ಗದಗ ಜಿಲ್ಲೆಯ ನಮ್ಮ ತಾಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಈಗ ಸುಮಾರು 300 ಲ್ಯಾಪ್‌ಟಾಪ್ ಮಕ್ಕಳ ಕೈಯಲ್ಲಿವೆ. ಎಲ್ಲವೂ ಸೆಕೆಂಡ್‌ಹ್ಯಾಂಡ್, ಎಲ್ಲವೂ ಒಂದೇ ಮಾಡೆಲ್, ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಟಿ450. ಮೂರನೇ ವರ್ಷ ನಡೆಯುತ್ತಿದೆ. ಶುರು ಮಾಡಿದಾಗ "ಆರು ತಿಂಗಳಿಗೆ ಗುಜರಿಗೆ ಹೋಗ್ತಾವ್ರೀ ಸರ್" ಅಂದವರೇ ಜಾಸ್ತಿ. ಹಾಗಂದ ಹೆಡ್‌ಮಾಸ್ತರರಲ್ಲಿ ಒಂದಿಬ್ಬರು ಈಗ ಇನ್ನಷ್ಟು ಕೊಡಿ ಅಂತ ಪತ್ರ ಬರೆದಿದ್ದಾರೆ. ಹಾಗಾಗಿ ಹೇಗೆ ಮಾಡಿದೆವು ಅಂತ ಬರೆದಿಡುತ್ತಿದ್ದೇನೆ.

ಮೊದಲು ಅಲಮಾರಿಯ ವಿಷಯ. ಶಾಲೆಗೆ ಬಂದ ಕಂಪ್ಯೂಟರ್ ಯಾಕೆ ಬೀಗದೊಳಗೆ ಕೂರುತ್ತದೆ ಅಂತ ನಮಗೆಲ್ಲ ಗೊತ್ತಿರೋದೇ ಅಲ್ವಾ? ಸ್ಟಾಕ್ ರಿಜಿಸ್ಟರ್‌ನಲ್ಲಿ ಹೆಡ್‌ಮಾಸ್ತರರ ಸಹಿ ಇರುತ್ತದೆ. ಆಡಿಟ್‌ನಲ್ಲಿ ಒಂದು ಕಮ್ಮಿ ಬಂದರೆ ಉತ್ತರ ಕೊಡಬೇಕಾದವರು ಅವರೇ. ಒಬ್ಬರು ನನಗೆ ನೇರವಾಗಿ ಕೇಳಿದರು: "ಹುಡುಗ್ರ ಕೈಯಾಗ ಕೊಟ್ಟು ಒಡದ್ರ ಯಾರ ಪಗಾರದಾಗ ಹಿಡೀತಾರ್ರೀ?" ಈ ಪ್ರಶ್ನೆಗೆ ಉತ್ತರ ಕೊಡದೆ ಎಷ್ಟು ಲ್ಯಾಪ್‌ಟಾಪ್ ತಂದರೂ ವ್ಯರ್ಥ. ನಾನು ಮಾಡಿದ್ದೆಲ್ಲ ಈ ಹೆದರಿಕೆ ಕಳೆಯೋಕೆ. ಒಡೆದದ್ದು ಬೇಗ, ಅಗ್ಗದಲ್ಲಿ ರಿಪೇರಿ ಆಗಿ ಬಂದರೆ ಯಾರೂ ಬೀಗ ಹಾಕುವುದಿಲ್ಲ.

ಅದಕ್ಕೂ ಮೊದಲು ಬೇರೆ ದಾರಿಗಳೆಲ್ಲ ಮುಗಿದಿದ್ದವು. ಡೆಸ್ಕ್‌ಟಾಪ್‌ಗಳ ಯುಪಿಎಸ್ ಬ್ಯಾಟರಿ ಎರಡು ವರ್ಷಕ್ಕೆ ಸತ್ತವು. ಆಮೇಲೆ ಪೀರಿಯಡ್ ನಡುವೆ ಕರೆಂಟ್ ಹೋದರೆ ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ದಾನಿಯೊಬ್ಬರು ಟ್ಯಾಬ್ ಕೊಡಿಸಿದರು. ಸ್ಕ್ರೀನ್ ಒಡೆದರೆ ಅದನ್ನು ಬದಲಿಸೋಕೆ ಟ್ಯಾಬ್ ಬೆಲೆಯ ಅರ್ಧ ಖರ್ಚು. ಅದೂ ಅಲ್ಲದೆ ಟ್ಯಾಬ್‌ನಲ್ಲಿ ಮಕ್ಕಳು ನೋಡುತ್ತಾರೆ, ಬರೆಯುವುದಿಲ್ಲ. ನಂತರ ಬೆಂಗಳೂರಿನ ಒಂದು ಕಂಪನಿ ಸುಮಾರು 40 ಹಳೇ ಲ್ಯಾಪ್‌ಟಾಪ್ ಕಳಿಸಿತು. ಏಳೆಂಟು ಮಾಡೆಲ್, ಅಷ್ಟೇ ಬಗೆಯ ಚಾರ್ಜರ್. ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮೂಲೆ ಸೇರಿದವು. ಅವುಗಳಲ್ಲಿ ನಾಲ್ಕೈದು ಥಿಂಕ್‌ಪ್ಯಾಡ್ ಟಿ450 ಇದ್ದವು. ಅವು ಮಾತ್ರ ಓಡುತ್ತಲೇ ಇದ್ದವು. ಯಾಕಂದರೆ ಒಂದರ ಕೀಬೋರ್ಡ್ ಹೋದರೆ ಇನ್ನೊಂದರದ್ದು ಬಿಚ್ಚಿ ಹಾಕುತ್ತಿದ್ದೆವು. ಅಲ್ಲಿಂದಲೇ ನನಗೆ ದಾರಿ ಸಿಕ್ಕಿತು.

ಟಿ450 ಬಂದದ್ದು 2015ರಲ್ಲಿ. ಐದನೇ ಜನರೇಶನ್ ಇಂಟೆಲ್ ಪ್ರೊಸೆಸರ್. ವಿಂಡೋಸ್ 11ಕ್ಕೆ ಎಂಟನೇ ಜನರೇಶನ್ ಬೇಕು, ಹಾಗಾಗಿ ಕಂಪನಿಗಳಿಗೆ ಇದು ಬೇಡವಾದ ಸರಕು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುವ ನಮಗೆ ಅದರಿಂದ ಏನೂ ತೊಂದರೆ ಇಲ್ಲ. ಇದರ ದೊಡ್ಡ ಗುಣ ಬ್ಯಾಟರಿ. ಒಳಗೊಂದು ಚಿಕ್ಕದು, ಹಿಂದೆ ಕಳಚಬಹುದಾದ ಇನ್ನೊಂದು. ಮೆಶಿನ್ ಓಡುತ್ತಿರುವಾಗಲೇ ಹಿಂದಿನದನ್ನು ತೆಗೆದು ಚಾರ್ಜ್ ಆದದ್ದನ್ನು ಹಾಕಬಹುದು. ಕರೆಂಟ್ ಇಲ್ಲದ ದಿನವೂ ಮೂರು ಪೀರಿಯಡ್ ಆರಾಮಾಗಿ ನಡೆಯುತ್ತದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಮೆಶಿನ್ ಒಂದಕ್ಕೆ 9,000ದಿಂದ 9,500. ಎಸ್‌ಎಸ್‌ಡಿಗೆ 1,300, ರ್‍ಯಾಮ್ 8 ಜಿಬಿ ಮಾಡೋಕೆ 700ರ ಆಸುಪಾಸು, ಹೊಸ ಬ್ಯಾಟರಿ 1,600. ಎಲ್ಲ ಸೇರಿ ಹನ್ನೆರಡೂವರೆ, ಹದಿಮೂರು ಸಾವಿರ. ಹೊಸದು ಕೊಂಡಿದ್ದರೆ ಎರಡೂವರೆ ಪಟ್ಟು ಆಗುತ್ತಿತ್ತು. ಹಣ ಹಳೇ ವಿದ್ಯಾರ್ಥಿಗಳಿಂದ, ಊರಿನ ವ್ಯಾಪಾರಸ್ಥರಿಂದ, ಸ್ವಲ್ಪ ಕಂಪನಿಯ ಸಿಎಸ್‌ಆರ್ (ಸಮಾಜಸೇವೆಗೆ ಎತ್ತಿಟ್ಟ) ಹಣದಿಂದ ಬಂತು. ರೇಟ್ ಅಷ್ಟಕ್ಕೆ ಹೇಗೆ ಇಳಿಸಿದೆ ಅನ್ನೋದು ನನ್ನಲ್ಲೇ ಇರಲಿ, ಇನ್ನೂ ಒಂದು ಲಾಟ್ ತರೋದಿದೆ. ಒಂದು ಮಾತ್ರ ಹೇಳುತ್ತೇನೆ. ದುಡ್ಡು ಕೊಡುವ ಮೊದಲು ಪ್ರತಿ ಮೆಶಿನ್‌ನಲ್ಲೂ ಆನ್ ಆಗುವಾಗ ಎಫ್1 ಒತ್ತಿ ಬಯೋಸ್ (ಮೆಶಿನ್‌ನ ಮೂಲ ಸೆಟ್ಟಿಂಗ್) ತೆರೆದು, ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಮೊದಲ ಲಾಟ್‌ನಲ್ಲಿ ವ್ಯಾಪಾರಿಯೊಬ್ಬ ಹತ್ತಾರು ಲಾಕ್ ಆದ ಮೆಶಿನ್ ಸೇರಿಸಿ ಕಳಿಸಿದ್ದ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಒಳಗಿನ ಚಿಕ್ಕ ಸೆಲ್ ಬಿಚ್ಚಿದರೆ ಹೋಗೋದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಯವರು ಬಿಡಿಸಿಕೊಡೋಕೆ ಒಂದಕ್ಕೆ ಸಾವಿರ ಕೇಳಿದರು. ಅವನ್ನು ಬಿಡಿಸದೆ ಬಿಡಿಭಾಗಕ್ಕೆ ಇಟ್ಟುಕೊಂಡೆವು. ಅವೇ ಮುಂದೆ ನಮ್ಮ ಆಸ್ತಿ ಆದವು.

ಚಾರ್ಜಿಂಗ್ ತುಂಬಾ ಕಾಡಿತು. ಚಾರ್ಜರ್ 65 ವ್ಯಾಟ್. ಇಪ್ಪತ್ತನ್ನು ಒಟ್ಟಿಗೆ ಹಾಕಿದರೆ 1,300 ವ್ಯಾಟ್. ಹಳೇ ಕೊಠಡಿಯ 5 ಆಂಪಿಯರ್ ಪಾಯಿಂಟ್ ತಡೆಯೋದು 1,150. ಒಂದು ಶಾಲೆಯಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಕರಗಿ ಕಪ್ಪಾಯಿತು. ಅಂದಿನಿಂದ 15 ಆಂಪಿಯರ್ ಲೈನ್ ಬೇರೆ ಎಳೆಸಿ, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ ಶಾಲೆಗೆ ಮಾತ್ರ ಮೆಶಿನ್ ಕೊಟ್ಟೆವು. ಅಲ್ಲೂ ಹತ್ತು ಹತ್ತರಂತೆ ಎರಡು ಸರದಿ. ಇಲಿ ಇನ್ನೊಂದು ಕಾಟ. ನೆಲದ ಮೇಲೆ ಬಿಟ್ಟ ವೈರ್ ರಾತ್ರಿ ಕಳೆಯೋದರೊಳಗೆ ತುಂಡು. ಈಗ ಎಲ್ಲ ಚಾರ್ಜರ್ ಗೋಡೆಯ ಮೊಳೆಗೆ ನೇತಾಡುತ್ತವೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಲಿನಕ್ಸ್ ಮಿಂಟ್, ಗಣಿತಕ್ಕೆ ಜಿಯೋಜೀಬ್ರಾ, ಪ್ರೋಗ್ರಾಮಿಂಗ್‌ಗೆ ಸ್ಕ್ರ್ಯಾಚ್, ನಕ್ಷತ್ರ ನೋಡೋಕೆ ಸ್ಟೆಲೇರಿಯಂ, ಬರೆಯೋಕೆ ಲಿಬ್ರೆ ಆಫೀಸ್. ಒಂದು ಮೆಶಿನ್ ಪೂರ್ತಿ ಸಿದ್ಧ ಮಾಡಿ ಕ್ಲೋನ್‌ಜಿಲ್ಲಾ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅದರ ಪೂರ್ತಿ ನಕಲು (ಇಮೇಜ್) ತೆಗೆದು, ಉಳಿದವಕ್ಕೆ ಪೆನ್‌ಡ್ರೈವ್‌ನಿಂದ ಇಳಿಸಿದ್ದು. ಮಕ್ಕಳು ಏನೇ ಕೆಡಿಸಿದರೂ ಆಫ್ ಮಾಡಿ ಆನ್ ಮಾಡಿದರೆ ಮೊದಲಿನಂತಾಗಲು ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಅದನ್ನು ಇಲ್ಲಿ ಹಾಕೋದಿಲ್ಲ. ನಮ್ಮಲ್ಲಿಗೆ ಬಂದವರಿಗೆ ತೋರಿಸುತ್ತೇನೆ.

ಆದರೆ ಕನ್ನಡ ಟೈಪಿಂಗ್ ಬಗ್ಗೆ ಹೇಳಲೇಬೇಕು. ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಮೊದಲೇ ಇದೆ, ಬೇರೇನೂ ಹಾಕಬೇಕಿಲ್ಲ. ಎಂಟನೇ ತರಗತಿಗೆ ಮೊದಲ ದಿನ ಜಿ, ಡಿ, ಜಿ ಒತ್ತಿಸುತ್ತೇವೆ. ಪರದೆಯ ಮೇಲೆ ಗದಗ ಬರುತ್ತದೆ. ಆಮೇಲೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಕನ್ನಡ. ಎಫ್ ಒತ್ತಕ್ಷರದ ಕೀಲಿ ಅಂತ ಗೊತ್ತಾದ ಮೇಲೆ ಹುಬ್ಬಳ್ಳಿ ಬರೆಯೋಕೆ ಎರಡು ಎಫ್ ಬೇಕು ಅಂತ ಅವರೇ ಹೇಳುತ್ತಾರೆ. ತಿಂಗಳೊಪ್ಪತ್ತಿನಲ್ಲಿ ನಮಗಿಂತ ಬೇಗ ಹೊಡೆಯುತ್ತಾರೆ.

ನಡುವೆ ಒಂದು ಪ್ರಯೋಗ. ಡಿಸ್‌ಪ್ಲೇ ಹೋದ ಒಂದು ಟಿ450ಗೆ ಕಿವಿಕ್ಸ್ (ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಸಾಫ್ಟ್‌ವೇರ್) ಹಾಕಿ, ಕನ್ನಡ ವಿಕಿಪೀಡಿಯ ಪೂರ್ತಿ ತುಂಬಿ, ಒಂದು ಹಳೇ ರೌಟರ್‌ಗೆ ಜೋಡಿಸಿದೆವು. ಇಂಟರ್ನೆಟ್ ಇಲ್ಲದೆ ಇಡೀ ಕ್ಲಾಸ್ ಓದುತ್ತದೆ. ನಮ್ಮಲ್ಲಿ ನೆಟ್‌ವರ್ಕ್ ಇಲ್ಲದ ಊರುಗಳಿಗೆ ಇದು ವರ. ಸೋಲಾರ್ ಕೂಡ ನೋಡಿದೆವು, ಆದರೆ ಬ್ಯಾಟರಿ ಖರ್ಚು ಗಿಟ್ಟಲಿಲ್ಲ.

ಎರೆಹೊಲದ ಧೂಳಿಗೆ ಬ್ಯಾಗ್ ಬೇಕಿತ್ತು. ಅಂಗಡಿಯಲ್ಲಿ 350 ಹೇಳಿದರು. ಊರಿನ ಸ್ವಸಹಾಯ ಸಂಘದ ಅಕ್ಕಂದಿರು ಹಳೇ ಸೀರೆಯಲ್ಲಿ ಕೌದಿ ಹೊಲಿಯುತ್ತಾರಲ್ಲ, ಅದೇ ಹೊಲಿಗೆಯಲ್ಲಿ ಚೀಲ ಮಾಡಿಕೊಟ್ಟರು. ನಾಲ್ಕು ಪದರ ಬಟ್ಟೆ, ಬಾಯಿಗೆ ಗುಂಡಿ, ಒಂದಕ್ಕೆ 80 ರೂಪಾಯಿ. ಬೆಂಚಿನ ಮೇಲಿಂದ ಬಿದ್ದರೂ ಒಳಗಿನದಕ್ಕೆ ಏನೂ ಆಗಿಲ್ಲ.

ಇನ್ನು ಪಗಾರದ ಪ್ರಶ್ನೆ. ಪ್ರತಿ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆಸಿದೆವು: ಬಳಕೆಯಲ್ಲಿ ಕೆಟ್ಟ ಲ್ಯಾಪ್‌ಟಾಪ್‌ಗೆ ಯಾವ ಶಿಕ್ಷಕರೂ ಜವಾಬ್ದಾರರಲ್ಲ, ರಿಪೇರಿ ನಿಧಿಯಿಂದ ಸರಿ ಮಾಡಿಸುವುದು. ದಾನಿಗಳೂ ಕೊಡುವ ಪತ್ರದಲ್ಲಿ ಅದನ್ನೇ ಬರೆದರು. ನಡಾವಳಿ ಆಗದ ಶಾಲೆಗೆ ಮೆಶಿನ್ ಇಲ್ಲ. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ. ಜೊತೆಗೆ ಒಂದು ತಗಡಿನ ಟ್ರಂಕು. ಅದರಲ್ಲಿ ಸಿದ್ಧ ಮಾಡಿದ ಐದಾರು ಮೆಶಿನ್, ಕೀಬೋರ್ಡ್, ಸ್ಕ್ರೀನ್, ಚಾರ್ಜರ್. ತಿಂಗಳ ಸಭೆಗೆ ಬರುವ ಶಿಕ್ಷಕರು ಕೆಟ್ಟದ್ದನ್ನು ಬಸ್ಸಿನಲ್ಲಿ ತರುತ್ತಾರೆ, ಒಳ್ಳೆಯದನ್ನು ಒಯ್ಯುತ್ತಾರೆ. ಐಟಿಐ ಮುಗಿಸಿದ ಇಬ್ಬರು ಹುಡುಗರು ನಿಧಾನವಾಗಿ ಕೂತು ರಿಪೇರಿ ಮಾಡುತ್ತಾರೆ. ಕೀಬೋರ್ಡ್ ಬದಲಿಸೋಕೆ ಅವರಿಗೆ ಹದಿನೈದು ನಿಮಿಷ. ವರ್ಷಕ್ಕೆ ಮೆಶಿನ್ ಒಂದಕ್ಕೆ ಸರಾಸರಿ 500 ರೂಪಾಯಿ ಬೀಳುತ್ತಿದೆ.

ಧೈರ್ಯ ಬಂದ ಮೇಲೆ ಶನಿವಾರ ಮನೆಗೂ ಕೊಡಲು ಶುರು ಮಾಡಿದೆವು. ಎಲ್ಲರೂ ಬೇಡ ಅಂದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸೋಮವಾರ ತಂದ ಫೈಲ್ ನೋಡಿದೆ. ಹೆಸರು ಬೆಳೆ ಮಳೆಗೆ ಹಾಳಾದದ್ದಕ್ಕೆ ಅಪ್ಪನ ಪರವಾಗಿ ಪರಿಹಾರದ ಅರ್ಜಿ. ಸರ್ವೆ ನಂಬರ್, ಎಕರೆ, ಗುಂಟೆ ಎಲ್ಲ ಸರಿಯಾಗಿ ಟೇಬಲ್‌ನಲ್ಲಿ ಹಾಕಿದ್ದಳು. "ಬಾಜೂ ಮನಿಯವ್ರದೂ ಮಾಡೇನ್ರೀ ಸರ್" ಅಂದಳು. ಇಂಥದ್ದನ್ನು ನಾವು ಯಾವ ಪೀರಿಯಡ್‌ನಲ್ಲೂ ಕಲಿಸಿರಲಿಲ್ಲ. ಅವತ್ತು ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಈಗ ಒಳ್ಳೆಯ ಟಿ450 ಸಿಗೋದು ಕಮ್ಮಿ ಆಗುತ್ತಿದೆ. ಮುಂದಿನ ಲಾಟ್ ಟಿ480. ಅದರಲ್ಲೂ ಎರಡು ಬ್ಯಾಟರಿ ಇವೆ, ಹಿಂದಿನದನ್ನು ಓಡುವಾಗಲೇ ಬದಲಿಸಬಹುದು. ಆದರೆ ಚಾರ್ಜರ್ ಯುಎಸ್‌ಬಿ-ಸಿ, ಬ್ಯಾಟರಿಯೂ ಬೇರೆ. ಹಾಗಾಗಿ ಒಂದು ಶಾಲೆಯಲ್ಲಿ ಎರಡನ್ನೂ ಬೆರೆಸೋದಿಲ್ಲ. ಮೊದಲು ಎರಡು ಮೂರು ಶಾಲೆಗೆ ಪೂರ್ತಿ ಟಿ480 ಕೊಟ್ಟು, ಅಲ್ಲಿನ ಟಿ450ಗಳನ್ನು ಉಳಿದ ಶಾಲೆಗಳಿಗೆ ಹಂಚುತ್ತೇವೆ. ಟ್ರಂಕು ಮಾತ್ರ ಇನ್ನೊಂದು ಬೇಕಾಗುತ್ತದೆ.